ತೆಂಕಣ ಗೋಡೆಯ ಕಿಟಕಿ

"ಬುದ್ಧೀ, ನಮ್ಮ ಹುಡುಗ ಚಿಕ್ಕಲಿಂಗನಿಗೆ ವಚನ ಹಾಡೋದು ಕಲಿಸಿದ್ದು ನಾನು. ಈಗ ಮಠಕ್ಕೆ ಬಂದವರೆಲ್ಲ ಅವನನ್ನೇ ಹೊಗಳ್ತಾರೆ. ನಾಳೆಯಿಂದ ಕಲಿಸೋದು ಬಿಟ್ಟುಬಿಟ್ಟರೆ ತಪ್ಪೇ?" ಎಂದು ಶಿಷ್ಯ ಗುರುಮಲ್ಲ ಕೇಳಿದ.

ಗುರುಗಳು ತಪ್ಪು ಎನ್ನಲಿಲ್ಲ, ಸರಿ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಬಹುಕಾಲದ ಹಿಂದೆ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಹಳೆಯ ಚರ್ಚು ಇತ್ತು. ದಪ್ಪ ಗೋಡೆ, ಕೈ ತೂರುವಷ್ಟೇ ಅಗಲದ ಕಿಂಡಿಗಳು. ಒಳಗೆ ಹಗಲಲ್ಲೂ ಮಬ್ಬು; ಜನ ಗೋಡೆ ತಡವಿಕೊಂಡೇ ತಮ್ಮ ಜಾಗ ಹುಡುಕುತ್ತಿದ್ದರು. ಉಣ್ಣೆ ಮಾರಿ ಸಿರಿವಂತರಾದ, ಬೇರೆ ಬೇರೆ ಮನೆತನದ ಇಬ್ಬರು ವರ್ತಕರು ಆ ಊರಿನಲ್ಲಿದ್ದರು. ಹಿರಿಯವನು ಬಡಗಣ ಗೋಡೆ ಒಡೆಸಿದ. ಅಲ್ಲಿ ಕಂಬ, ಕಮಾನು ನಿಲ್ಲಿಸಿ ಆಚೆಗೊಂದು ಅಂಕಣ ಸೇರಿಸಿದ. ಅದರಲ್ಲಿ ತೀರಿಹೋದ ತಂದೆಯ ಬಿಳಿಕಲ್ಲಿನ ಪ್ರತಿಮೆ ಮಾಡಿಸಿ, ಅಲ್ಲಿನ ಪದ್ಧತಿಯಂತೆ ಗೋರಿಯ ಮೇಲೆ ಮಲಗಿಸಿದ. ಊರೆಲ್ಲ ಹೊಗಳಿತು.

ಕಿರಿಯವನಿಗೆ ಊಟ ಸೇರಲಿಲ್ಲ. ಅವನಿಗಿಂತ ನಾನೇನು ಕಡಿಮೆ ಎಂದು ಎದುರಿನ ತೆಂಕಣ ಗೋಡೆ ಒಡೆಸಿ, ಆಳೆತ್ತರಕ್ಕೂ ಮಿಗಿಲಾದ ಬಣ್ಣದ ಗಾಜಿನ ಕಿಟಕಿ ಇಡಿಸಿದ. ಕೆಳಗೆ, ಗಾಜಿನಲ್ಲೇ, ತನ್ನ ಹೆಸರು ಬರೆಸಿದ.

ಭಾನುವಾರ ಪ್ರಾರ್ಥನೆಗೆ ಜನ ಸೇರಿದರು. ಬಿಸಿಲೇರಿತು. ಕಿಟಕಿಯ ಕೆಂಪು, ನೀಲಿಯೆಲ್ಲ ಒಳಗೆ ಹರಿದು, ಕಮಾನು ದಾಟಿ, ಆ ಬಿಳಿಯ ಪ್ರತಿಮೆಯ ಮೇಲೆ ಬಿತ್ತು. ಕಲ್ಲಿಗೆ ಜೀವ ಬಂದ ಹಾಗಾಯಿತು.

"ಅಯ್ಯಯ್ಯೋ, ಯಜಮಾನ್ರು ಎದ್ದು ಕೂತುಬಿಡ್ತಾರೆ ನೋಡಿ!" ಎಂದಳು ಒಬ್ಬ ಮುದುಕಿ.

ಜನ ಕಿಟಕಿಗೆ ಬೆನ್ನು ಹಾಕಿ ಪ್ರತಿಮೆಯ ಸುತ್ತ ನೆರೆದರು. ಕಿಟಕಿ ತನ್ನದು, ಹೊಗಳಿಕೆ ಹಿರಿಯವನ ಅಪ್ಪನಿಗೆ! ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಒಡೆಯನಾಯಿತು. ಕಿರಿಯವನ ಹೊಟ್ಟೆಗೆ ಕೊಳ್ಳಿ ಇಟ್ಟಂತಾಯಿತು. ಬಿಸಿಲು ಬಂದ ದಿನವೆಲ್ಲ ಇದೇ ಗೋಳು. ಕಡೆಗೆ ಅವನು ಬೆಳಗೆದ್ದು ಮೋಡಕ್ಕಾಗಿ ಬೇಡಿಕೊಳ್ಳತೊಡಗಿದ.

ಮೋಡವನ್ನೂ ನಂಬಲಾರದೆ ಒಂದು ದಿನ ಕಲ್ಲುಕುಟಿಗನನ್ನು ಕರೆಸಿದ. "ಈ ಕಿಟಕಿಗೆ ಕಲ್ಲು ಕಟ್ಟಿ ಮುಚ್ಚು" ಎಂದ.

"ಇದು ನಿಮ್ಮದೇ ಅಲ್ವೇ, ಧಣಿ?"

"ನಂದೇ. ಅದಕ್ಕೇ ಮುಚ್ಚು ಅಂದದ್ದು."

ಕಲ್ಲುಕುಟಿಗ ಮುಚ್ಚಿದ. ಪ್ರತಿಮೆ ಮಂಕಾಯಿತು. ಗಾಜಿನಲ್ಲಿದ್ದ ಹೆಸರೂ ಕಲ್ಲಿನ ಮರೆಗೆ ಹೋಯಿತು. ಮುದುಕಿ ಮತ್ತೆ ಗೋಡೆ ತಡವುತ್ತ ತನ್ನ ಜಾಗ ಹುಡುಕಿಕೊಂಡಳು. ಕಿರಿಯವನು ಅಂದು ಹೊಟ್ಟೆತುಂಬ ಉಂಡ.

ಗುರುಮಲ್ಲನಿಗೆ ತಡೆಯಲಾಗಲಿಲ್ಲ. "ತನ್ನ ಕಿಟಕಿ ತಾನು ಮುಚ್ಚಿಕೊಂಡ, ಬುದ್ಧೀ. ಅದರಲ್ಲಿ ತಪ್ಪೇನು?"

ಗುರುಗಳು ಅವನ ಮುಖವನ್ನೇ ನೋಡಿ ಹೇಳಿದರು: "ಕಿಟಕಿ ಅವನದೇ, ಬಿಸಿಲು ಯಾರದಪ್ಪ?"