ಮಕ್ಕಳ ವಾರ್ಡಿನ ಗೇಟಿಗೆ ಗುರುಮಲ್ಲ

ಇದು ಏಳು ಸಮುದ್ರದಾಚೆಯ ಕತೆಯಲ್ಲ, ಬಸ್ಸು ಹತ್ತಿದರೆ ಸಿಗುವ ಊರಿನದು. ಅಲ್ಲಿಯ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳು ಆಯಾ. ಅವಳಿಗೊಬ್ಬನೇ ಮಗ, ಗುರುಮಲ್ಲ. ವಯಸ್ಸು ಮೂವತ್ತು ತುಂಬಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದು, ಅದೊಂದೇ ಅವನ ರೋಗ. ತಾನು ಕಣ್ಣು ಮುಚ್ಚಿದರೆ ಇವನಿಗೆ ತುತ್ತು ಹಾಕುವವರು ಯಾರು ಎಂದು ತಾಯಿ ದಿನಾ ಕೊರಗುವಳು. ಕೊನೆಗೆ ವಾರ್ಡು ನೋಡಿಕೊಳ್ಳುವ ಸ್ಟೆಲ್ಲಾ ಸಿಸ್ಟರ ಕೈಕಾಲು ಹಿಡಿದು, ಅದೇ ವಾರ್ಡಿನ ಗೇಟು ಕಾಯುವ ಕೆಲಸ ಕೊಡಿಸಿದಳು.

ಸಿಸ್ಟರು ಅವನ ಕೈಗೆ ಬೀಗದ ಕೈ ಕೊಟ್ಟು, ಪಾಸಿಲ್ಲದವರನ್ನು ಒಳಗೆ ಬಿಡಬೇಡ ಎಂದರು. ಹತ್ತು ಗಂಟೆಗೆ ದೊಡ್ಡ ಡಾಕ್ಟರು ಬಂದರು. ಪಾಸೆಲ್ಲಿ ಎಂದ ಗುರುಮಲ್ಲ. ನಾನು ಡಾಕ್ಟರಪ್ಪಾ ಎಂದರು. ಇರಬಹುದು, ಪಾಸೆಲ್ಲಿ ಎಂದ. ಪಾಪ, ಅವರು ಹೋಗಿ ಪಾಸಿನ ಸಾಲಿನಲ್ಲಿ ನಿಂತರು. ಯಾವ ಮಗುವಿನ ಕಡೆಯವರು ಎಂದು ಕಿಟಕಿಯಲ್ಲಿ ಕೇಳಿದಾಗ, ಎಲ್ಲಾ ಮಕ್ಕಳ ಕಡೆಯವನು ಎಂದರು.

ಸಿಸ್ಟರು ಬೈದರು, ತಾಯಿ ಹಣೆ ಚಚ್ಚಿಕೊಂಡಳು. "ಬಿಳೀ ಕೋಟಿನೋರ್ನ ತಡೀಬಾರ್ದು ಕಣ್ಲಾ. ಕೋಟು ಕಂಡ್ರೆ ಕೈ ಮುಗ್ದು ಒಳಕ್ಕೆ ಕರ್ಕೊಂಡೋಗು."

"ಆಗ್ಲಿ ಕಣವ್ವ."

ಮಾರನೆಯ ದಿನ ಕಟಿಂಗ್ ಅಂಗಡಿಯ ಚನ್ನಿಗಪ್ಪ ನೆಂಟರ ಮಗುವನ್ನು ವಿಚಾರಿಸಲು ಬಂದ, ಅಂಗಡಿಯ ಬಿಳಿ ಕೋಟಿನಲ್ಲೇ. ಗುರುಮಲ್ಲ ಕೈ ಮುಗಿದ, ಗೇಟು ತೆಗೆದ, ದರದರ ಎಳೆದುಕೊಂಡು ಹೋಗಿ ಒಂದನೇ ಮಂಚದ ಮುಂದೆ ನಿಲ್ಲಿಸಿದ. ಜ್ವರದ ಮಗುವಿನ ಅಪ್ಪ ಅಮ್ಮ ಆಸೆಯಿಂದ ಮಗುವನ್ನು ಮುಂದಕ್ಕೆ ಹಿಡಿದರು. ಚನ್ನಿಗಪ್ಪ ಬೆವತುಹೋದ. ತಲೆ ಮುಟ್ಟಿ ನೋಡಿ, ಕೂದಲು ಬಹಳ ಬೆಳೆದಿದೆ ಎಂದ.

ಮತ್ತೆ ಬೈಗುಳ, ಮತ್ತೆ ಬುದ್ಧಿವಾದ. "ಕೋಟು ನೋಡಿ ಕೆಟ್ಟೆ. ಕೂಸಿನ ಮುಖ ನೋಡ್ಲಾ. ತನ್ನೋರ್ನ ಕಂಡ್ರೆ ಕೂಸು ನಗ್ತದೆ, ಬ್ಯಾರೇರ್ನ ಕಂಡ್ರೆ ಅಳ್ತದೆ."

"ಆಗ್ಲಿ ಕಣವ್ವ."

ಏಳನೇ ಮಂಚದಲ್ಲಿ ಮೂರು ವರ್ಷದ ಪಾರಿ ಇದ್ದಳು. ಅವಳ ತಾಯಿ ಸಣ್ಣಮ್ಮ, ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟು, ಇನ್ನೊಂದು ಕೂಸನ್ನು ನೋಡಿಬರಲು ಊರಿಗೆ ಹೋಗಿದ್ದಳು. ಎರಡು ದಿನ ಪಾರಿ ಒಂದು ಹನಿ ಅತ್ತಿರಲಿಲ್ಲ, ಗುರುಮಲ್ಲನ ಬೀಗದ ಕೈ ಅಲ್ಲಾಡಿಸಿ ಆಡಿಕೊಂಡಿದ್ದಳು. ಸಣ್ಣಮ್ಮ ಪಾಸು ಹಿಡಿದು ಬಂದಳು. ಸರಳಿನ ಸಂದಿಯಲ್ಲಿ ಅಮ್ಮನ ಮುಖ ಕಂಡದ್ದೇ ತಡ, ಪಾರಿ ಗೊಳೋ ಎಂದಳು. ಗುರುಮಲ್ಲ ಗೇಟು ಎಳೆದು ಬೀಗ ಜಡಿದ. ಒಳಗೆ ಮಗಳು ಅತ್ತಳು, ಹೊರಗೆ ತಾಯಿ ಅತ್ತಳು. ಪಾಸು ಇರಬಹುದು, ಕೂಸು ಅಳುತ್ತದಲ್ಲ ಎಂದ ಇವನು.

ಚಿಕ್ಕತಾಯಮ್ಮ ಪೊರಕೆ ಎಸೆದು ಓಡಿಬಂದು ಬೀಗ ತೆಗೆದಳು. "ಅಯ್ಯೋ ಪೆದ್ದೇ, ಎರಡು ದಿನದಿಂದ ತಡ್ಕೊಂಡಿದ್ದ ಅಳು ಕಣ್ಲಾ ಅದು. ಯಾರ್ನ ಕಂಡು ಅಳ್ತದೋ ಅವ್ಳೇ ಹೆತ್ತವ್ವ, ತಿಳ್ಕೊ."

"ಆಗ್ಲಿ ಕಣವ್ವ."

ಇನ್ನೊಂದು ತಪ್ಪಾದರೆ ಬೀಗದ ಕೈ ವಾಪಸು ಎಂದು ಸಿಸ್ಟರು ಹೇಳಿಬಿಟ್ಟರು. ಆ ತಪ್ಪಿಗೆ ಸಂಜೆಯವರೆಗೂ ಕಾಯಬೇಕಾಗಲಿಲ್ಲ. ಮಧ್ಯಾಹ್ನ ಸೂಜಿ ಹಾಕುವ ನರ್ಸಮ್ಮ ಬಂದಳು. ಅವಳನ್ನು ಕಂಡು ಹದಿಮೂರು ಮಕ್ಕಳೂ ಒಟ್ಟಿಗೆ ಕಿರುಚಿಕೊಂಡವು. ಗುರುಮಲ್ಲ ಎಣಿಸಿದ. ಅಡ್ಡಬಿದ್ದ. ಆಮೇಲೆ ಒಂದೊಂದೇ ಮಗುವನ್ನು ಎತ್ತಿ ತಂದು ಅವಳ ಸೊಂಟಕ್ಕೆ, ಹೆಗಲಿಗೆ ಏರಿಸತೊಡಗಿದ. ಹದಿಮೂರೂ ನಿಮ್ಮವೇ ತಾಯಿ, ಮನೆಗೆ ಕರ್ಕೊಂಡೋಗಿ ಎಂದ. ತಟ್ಟೆ ಬಿತ್ತು, ಸೂಜಿಗಳು ಚೆಲ್ಲಿದವು.

ಬೀಗದ ಕೈ ತಂದುಕೊಡು ಎಂದು ಸಿಸ್ಟರು ಗುರುಮಲ್ಲನಿಗೆ ಹೇಳಿಕಳಿಸಿದರು. ಚಿಕ್ಕತಾಯಮ್ಮ ಗೇಟಿನ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು, ಊಟದ ಡಬ್ಬಿ ತೆರೆದಿರಲಿಲ್ಲ. ಮಗನ ಮುಂದೆ ಒಂದು ದಿನವೂ ಕಣ್ಣೀರು ಹಾಕದವಳು, ಅವನು ಬರುವುದನ್ನು ಕಂಡು ಬಿಕ್ಕಿಬಿಕ್ಕಿ ಅತ್ತಳು. ಗುರುಮಲ್ಲ ಬಹಳ ಹೊತ್ತು ಯೋಚಿಸಿದ.

"ಅವ್ವ, ನನ್ನ ಕಂಡು ಅಳ್ತಿದ್ದೀಯಾ?"

"ಇನ್ಯಾರ್ನ ಕಂಡು ಅಳ್ಲೋ?"

"ಹಂಗಾರೆ ನಾನೇ ನಿನ್ನ ಹೆತ್ತವ್ವ."

ಪಕ್ಕದಲ್ಲಿ ಕೂತ. ಅವಳ ಸೆರಗಿನಿಂದಲೇ ಅವಳ ಕಣ್ಣೊರೆಸಿದ. ಡಬ್ಬಿ ತೆಗೆದು ಅನ್ನ ಸಾರು ಕಲಸಿ, ತುತ್ತು ಮಾಡಿ ಅವಳ ಬಾಯಿಗೆ ಹಿಡಿದ. "ಅಳಬ್ಯಾಡ ಕಂದಾ, ಉಣ್ಣು."

ಚಿಕ್ಕತಾಯಮ್ಮ ಉಂಡಳು. ಬೀಗದ ಕೈಗೆ ತಾವೇ ಬಂದ ಸ್ಟೆಲ್ಲಾ ಸಿಸ್ಟರು ಸರಳಿನ ಹಿಂದಿನಿಂದ ಇದನ್ನು ನೋಡಿ, ಕನ್ನಡಕ ಒರೆಸಿಕೊಂಡು, ಬೀಗದ ಕೈ ಅವನ ಹತ್ತಿರವೇ ಬಿಟ್ಟು ಹಿಂದಕ್ಕೆ ಹೋದರು.

ಈಗ ಆ ಗೇಟಿನಲ್ಲಿ ಯಾರಿದ್ದಾರೆ ಎಂದು ನನ್ನನ್ನು ಕೇಳಬೇಡಿ. ಆ ಕಡೆ ಹೋಗುವುದಾದರೆ ಪಾಸು ಮರೆಯಬೇಡಿ, ಅಷ್ಟೇ.