ಚೆಂಡುಹೂವಿನ ಹಾರದ ಹಿಂದಿನ ದೀಪ

ಮೊದ್ಲು ನಿಮ್ಮನೆ ದೇವ್ರ ಮೇಲೆ ಆಣೆ ಹಾಕಿ, ಬಾಯಿ ಬಿಡಲ್ಲ ಅಂತ. ಮಕ್ಕಳು ಕೂತ್ಕೊಂಡು ಕೇಳ್ಲಿ, ಅವಕ್ಕೂ ಬೇಕಾದ ಕಥೇನೇ. ಆದ್ರೆ ಈ ಹೊಸ್ತಿಲು ದಾಟಬಾರ್ದು. ಹಾಕಿದ್ರಾ? ಸರಿ.

ನಮ್ಮೆದುರು ಮನೆ ಹೇಮಲತ ಮೇಡಂ, ಅವರ ಯಜಮಾನ್ರು ಫಾಲಾಕ್ಷಪ್ಪ, ಇಬ್ರೂ ಒಂದೇ ಲ್ಯಾಬು. ವೈರಿನ ಮೇಲಿನ ಪ್ಲಾಸ್ಟಿಕ್ ಎಷ್ಟು ವೋಲ್ಟ್ ತಡ್ಕೊಳುತ್ತೆ ಅಂತ ನೋಡೋ ಕೆಲಸ. ಅಲ್ಲಿರೋ ಪೆಟ್ಟಿಗೆಗಳನ್ನೆಲ್ಲ ಒಂದೇ ದಪ್ಪ ಕೇಬಲ್ಲಿಗೆ ಪೋಣಿಸಿ ಕಂಪ್ಯೂಟರಿಗೆ ಸೇರಿಸಿದಾರೆ. ಒಂದೊಂದಕ್ಕೂ ಒಂದೊಂದು ನಂಬರು. ಐದು ಅಂತ ಕೂಗಿದ್ರೆ ಐದು ಮಾತ್ರ ಓ ಅನ್ನುತ್ತೆ, ಮಿಕ್ಕಿದ್ದು ತೆಪ್ಪಗಿರುತ್ತೆ. ಮೇಡಂ ಕಾಲು ಉಳುಕಿಸ್ಕೊಂಡು ಮನೇಲಿದ್ರಲ್ಲ, ಇಲ್ಲೇ ಕೂತು ಇಂಟರ್ನೆಟ್ಟಿಂದಾನೇ ಅವನ್ನ ಕುಣಿಸ್ತಿದ್ರು. ಅಲ್ಲಿ ಮೇಜಿನ ಹತ್ರ ಯಜಮಾನ್ರು.

ಅವರಿಬ್ರದ್ದೂ ಒಂದು ಪದ್ಧತಿ. ಮೇಡಂ ಇಲ್ಲಿಂದ ಆಫ್ ಮಾಡಿ ಫೋನಲ್ಲಿ ಕೇಳೋರು, "ಕೆಂಪು ದೀಪ ಆರಿತಾ?" ಅವರು ಪೆಟ್ಟಿಗೆ ಮುಖ ನೋಡಿ "ಆರಿತು" ಅನ್ನೋರು. ಆಮೇಲೇ ವೈರಿಗೆ ಕೈ ಹಾಕೋದು. ಆ ವೋಲ್ಟಿಗೆ ಕೈ ತಾಗಿದ್ರೆ ಮನುಷ್ಯ ಉಳಿಯಲ್ಲ.

ಆಯುಧಪೂಜೆ ಬಂತು. ಯಜಮಾನ್ರು ಕೇಬಲ್ ಕಿತ್ತು, ಪೆಟ್ಟಿಗೆಗಳನ್ನ ಕೆಳಗಿಳಿಸಿ ಒರೆಸಿ, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ ವಾಪಸ್ ಜೋಡಿಸಿದ್ರು. ಅದ್ರಲ್ಲಿ ವೋಲ್ಟ್ ಕೊಡೋ ಪೆಟ್ಟಿಗೆ ಮೇಜಿಗೊಂದರಂತೆ ಎರಡು, ಅವಳಿ ಮಕ್ಕಳ ಥರ. ನಂಬರು ಇರೋದು ಬೆನ್ನ ಮೇಲೆ. ಐದರ ಜಾಗಕ್ಕೆ ಆರು ಬಂತು, ಆರರ ಜಾಗಕ್ಕೆ ಐದು ಹೋಯ್ತು. ಯಾರೂ ನೋಡ್ಲಿಲ್ಲ.

ಅಷ್ಟಕ್ಕೇ ನಿಂತಿದ್ರೆ ಸರಿ. ಪೂಜೆ ಮುಗಿಸಿ ಆ ಮಹಾನುಭಾವ ಸೀದಾ ಒಡಹುಟ್ಟಿದ ಅಕ್ಕನ ಮನೆಗೆ ಹೋಗಿ ಹೋಳಿಗೆ ತಿಂದ್ಕೊಂಡು ಬಂದಿದಾನೆ. ಇಲ್ಲಿ ಮೇಡಂ ಕುಂಟ್ಕೊಂಡು ಹೋಳಿಗೆ ಬೇಯಿಸಿ ಕಾದು ಕೂತಿದಾರೆ. ಮುಗೀತು, ಮಾತು ಬಿಟ್ರು. ಮಾತು ಬಿಟ್ಮೇಲೆ ಫೋನೂ ಇಲ್ಲ. ಆಫ್ ಮಾಡಿದ ತಕ್ಷಣ ಮೇಡಂ ಮೊಬೈಲಲ್ಲಿ "ಆಫ್" ಅಂತ ಒಂದು ಮೆಸೇಜ್ ಬಿಸಾಕೋದು, ಅವರು ಅದನ್ನ ನೋಡಿ ಕೈ ಹಾಕೋದು. ಓದಿದೋರ ಜಗಳ ನೋಡಿ, ಎಷ್ಟು ಅಚ್ಚುಕಟ್ಟು.

ಪೂಜೆ ರಜೆ ಮುಗಿದು ಲ್ಯಾಬು ತೆರೆದ ದಿನ ನಾನು ಹೆಪ್ಪಿಗೆ ಮೊಸರು ಕೇಳೋ ನೆಪದಲ್ಲಿ ಅಲ್ಲೇ ಇದ್ದೆ. ಎರಡೂ ಮೇಜಿನ ಪೆಟ್ಟಿಗೆ ಆನ್ ಇತ್ತು, ಯಜಮಾನ್ರ ಮುಂದಿನ ವೈರ್ ಬದಲಿಸ್ಬೇಕು ಅಂತ ಮೇಡಂ ಐದನ್ನ ಆಫ್ ಮಾಡಿದ್ರು. ಐದು ಸೊನ್ನೆ ಅಂತ ಪರದೆ ಮೇಲೆ ಬಂತು. ಮೆಸೇಜ್ ಹೋಯ್ತು. ಆಮೇಲೆ ಮೇಡಂ ಕಣ್ಣು ಪರದೆಯ ಮೂಲೆಗೆ ಹೋಯ್ತು. ಆ ಮೇಜಿನ ಮೇಲೆ ಅಳೆಯೋ ಮೀಟರ್ ಇದೆಯಲ್ಲ, ಅದರ ಅಂಕಿ ಇಳಿದೇ ಇಲ್ಲ. ವೈರಲ್ಲಿ ಇನ್ನೂ ಪೂರ್ತಿ ವೋಲ್ಟ್ ಇದೆ.

ಮೇಡಂ ಮತ್ತೆ ಆಫ್ ಒತ್ತಿದ್ರು. ಐದು ಸೊನ್ನೆ. ಮತ್ತೆ ಒತ್ತಿದ್ರು. ಐದು ಸೊನ್ನೆ. ಅದೇನು ಸುಳ್ಳು ಹೇಳ್ತಿರ್ಲಿಲ್ಲ ಪಾಪ, ಪಕ್ಕದ ಮೇಜಲ್ಲಿ ಸುಮ್ನೆ ಕೂತಿತ್ತು. ಯಜಮಾನ್ರ ಮುಂದೆ ಉರೀತಿದ್ದಿದ್ದು ಆರು.

ಮೊಬೈಲ್ ನೋಡಿದ್ರೆ ಮೆಸೇಜಿಗೆ ನೀಲಿ ಟಿಕ್ ಬಿದ್ದಿದೆ, ಅವರು ಓದಿಯಾಗಿದೆ. ಮೇಡಂ ಫೋನ್ ಮಾಡಿದ್ರು. ಅವರು ಕಟ್ ಮಾಡಿದ್ರು. ಮತ್ತೆ ಮಾಡಿದ್ರು, ಮತ್ತೆ ಕಟ್. ಹೋಳಿಗೆ ಸಿಟ್ಟು. ಮೇಡಂ ನನ್ನ ಸೊಂಟದಲ್ಲಿದ್ದ ಫೋನ್ ಕಿತ್ಕೊಂಡು ಅದ್ರಿಂದ ಸ್ಪೀಕರ್ ಹಾಕಿ ಮಾಡಿದ್ರು. ರಿಂಗ್ ಆಗ್ತಾನೇ ಇದೆ. ಕೈ ಹಾಕಿಬಿಟ್ಟಿದ್ರೆ ಫೋನ್ ಎತ್ತೋರು ಯಾರು?

"ಹೇಳಿ ಅಕ್ಕ," ಅಂದ್ರು ಯಜಮಾನ್ರು, ನಾನೇ ಅಂದ್ಕೊಂಡು.

"ಮುಟ್ಟಬೇಡ. ಕೈ ತೆಗಿ. ದೀಪ ನೋಡು," ಅಂದ್ರು ಮೇಡಂ.

ಹೂವು ಸರಿಸಿದ ಸರಸರ ಕೇಳಿಸ್ತು. ಪೂಜೆ ಹಾರ ಇತ್ತಲ್ಲ, ಬಾಡಿದ್ರೂ ತೆಗೆದಿರ್ಲಿಲ್ಲ, ದೀಪದ ಮೇಲೇ ಜೋತುಬಿದ್ದಿತ್ತು.

"ಉರೀತಿದೆ, ಹೇಮ," ಅಂದ್ರು. "ಕೈ ಚಾಚಿದ್ದೆ. ಎದುರು ಮನೆ ಅಕ್ಕನ ಫೋನ್ ಅಂತ ಹಿಂದಕ್ಕೆ ತಗೊಂಡೆ."

ಅವರು ಗೋಡೆ ಮೇಲಿನ ದೊಡ್ಡ ಸ್ವಿಚ್ ಕೆಡವಿದ್ದು ಇಲ್ಲಿಗೆ ಕೇಳಿಸ್ತು. ಆಮೇಲೆ ಅವರೇ ಕೇಳಿದ್ರು, "ಹೋಳಿಗೆ ಇನ್ನೂ ಇದೆಯಾ?"

"ಹಳಸಿದೆ."

"ಇರ್ಲಿ, ಇಟ್ಟಿರು."

ಈಗ್ಲೂ ಜಗಳ ನಿಂತಿಲ್ಲ ಅನ್ನಿ, ನಮ್ಮನೇಗೆ ಕೇಳಿಸುತ್ತೆ. ಆದ್ರೆ ಪೆಟ್ಟಿಗೆ ಮುಖದ ಮೇಲೇ ದೊಡ್ಡದಾಗಿ ನಂಬರು ಬರೆದಿದಾರೆ. ಫೋನಂತೂ ತಪ್ಪಲ್ಲ. ಮೊನ್ನೆ ಬೈದಾಡ್ತಾನೇ ಮೇಡಂ ಕೇಳ್ತಿದ್ರು, "ದೀಪ ಆರಿತಾ?" ಅವರು ಅಂದಿದ್ದು ಸ್ಪೀಕರಲ್ಲಿ ಕೇಳಿಸ್ತು, "ದೀಪ ಆರಿತು, ನಿನ್ನ ಬಾಯಿ ಆರಿಲ್ಲ."

ನೀತಿ: ದೂರದಿಂದ ಕೊಟ್ಟ ಅಪ್ಪಣೆಗೆ ಬಂದ ಉತ್ತರ ಯಾರದ್ದು ಅಂತ ಅಲ್ಲಿರೋರನ್ನ ಕೇಳದೆ ನಂಬಬೇಡಿ. ಮನೇಲಿ ಎಷ್ಟೇ ಸಿಟ್ಟಿರ್ಲಿ, ಒಬ್ಬರ ಜೀವ ಕಾಯೋ ಒಂದು ಮಾತನ್ನ ಮಾತ್ರ ಬಿಡಬೇಡಿ. ಇನ್ನೊಂದು, ಎದುರು ಮನೆಯೋಳು ಮೊಸರು ಕೇಳ್ಕೊಂಡು ಬಂದ್ರೆ ಮುಖ ಸಿಂಡರಿಸಬೇಡಿ, ಅವಳ ಫೋನು ಯಾವತ್ತು ಬೇಕಾಗುತ್ತೋ...

ಶ್, ಗೇಟ್ ಸದ್ದು. ಕುಂಟ್ಕೊಂಡು ಬರ್ತಿರೋ ಹೆಜ್ಜೆ, ಮೇಡಮ್ಮೇ. ಆಣೆ ನೆನಪಿರ್ಲಿ. ಬನ್ನಿ ಮೇಡಂ, ಬನ್ನಿ, ಸುಮ್ನೆ ಸೊಪ್ಪಿನ ವಿಷಯ ಮಾತಾಡ್ತಿದ್ವಿ.