ನೆಲದ ಮೇಲಿಟ್ಟ ಒಳಲೆ

ಆನೆಗೆ ಆನೆಯಷ್ಟು, ಇರುವೆಗೆ ಇರುವೆಯಷ್ಟು ಉಸಿರನ್ನು ಅಳೆದು ಕೊಟ್ಟ ಶಿವನೇ, ನಿನಗೆ ಶರಣು. ದೊಡ್ಡವರ ಕಣ್ಣಿಗೆ ಬೀಳದ ಸಣ್ಣ ಜೀವದ ಪಕ್ಕದಲ್ಲಿ ಮೊದಲು ಹೋಗಿ ಕೂರುವವನು ನೀನು. ಹೇಳುವ ನಾಲಿಗೆಯಲ್ಲೂ ಕೇಳುವ ಕಿವಿಯಲ್ಲೂ ನೀನೇ ಇದ್ದು ಈ ಮಾತನ್ನು ನಡೆಸಿಕೊಡು.

"ಬುದ್ಧೀ, ಮನೆಗೆ ಒಂದು ಪುಟ್ಟ ನಾಯಿ ತರಬೇಕೆಂದಿದ್ದೇನೆ. ಬೊಂಬೆಯಂಥ ಜಾತಿಯದು, ಅಂಗೈ ಮೇಲೆ ಕೂರುತ್ತದೆ. ಅದು ನಮಗೆ ಸರಿಹೋಗುತ್ತದೆಯೋ ಇಲ್ಲವೋ, ತಾವೇ ಹೇಳಬೇಕು."

ಹೀಗೆ ಕೇಳಿದವನು ನಾಗಲಿಂಗಪ್ಪನೆಂಬ ಗೃಹಸ್ಥ ಶಿಷ್ಯ. ಬೆಳಗಿನ ಪೂಜೆ ಮುಗಿಸಿ ಗುರುಗಳು ಮಠದ ಪಡಸಾಲೆಯಲ್ಲಿ ಕುಳಿತಿದ್ದರು. ಅವನು ಆತುರದಿಂದ ಮೆಟ್ಟಿಲು ಹತ್ತಿ ಬರುವಾಗ, ಗುಬ್ಬಿಗಳಿಗೆಂದು ಅಲ್ಲಿ ಇಟ್ಟಿದ್ದ ನೀರಿನ ಬಟ್ಟಲು ಕಾಲಿಗೆ ತಗುಲಿ ಉರುಳಿತ್ತು. ಅವನು ಗಮನಿಸಿರಲಿಲ್ಲ. ಅಡ್ಡಬಿದ್ದು ಎದ್ದವನೇ ಪ್ರಶ್ನೆ ಕೇಳಿದ್ದ.

"ಏನೇನು ವಿಚಾರಿಸಿದ್ದೀಯಪ್ಪ?" ಎಂದರು ಗುರುಗಳು.

"ಎಲ್ಲವನ್ನೂ ವಿಚಾರಿಸಿದ್ದೇನೆ ಬುದ್ಧೀ. ಏನು ತಿನ್ನುತ್ತದೆ, ಎಷ್ಟು ಬೊಗಳುತ್ತದೆ, ಕೂದಲು ಉದುರುತ್ತದೆಯೇ, ಚಳಿ ತಡೆಯುತ್ತದೆಯೇ, ಎಲ್ಲವನ್ನೂ. ಮನೆಯವಳಂತೂ ಆಗಲೇ ಹೆಸರನ್ನೂ ಇಟ್ಟಿದ್ದಾಳೆ. ಆದರೆ ಒಬ್ಬರು ತನ್ನಿ ಅನ್ನುತ್ತಾರೆ, ಇನ್ನೊಬ್ಬರು ಬೇಡ ಅನ್ನುತ್ತಾರೆ. ನನಗೆ ತೀರ್ಮಾನವಾಗುತ್ತಿಲ್ಲ."

ಗುರುಗಳು ನಕ್ಕರು. "ಹೆಸರಿಟ್ಟಾಯಿತೆಂದರೆ ನಾಯಿ ಅರ್ಧ ಬಂದಂತೆಯೇ. ಇನ್ನರ್ಧಕ್ಕೆ ಒಂದು ಕತೆ ಕೇಳು," ಎಂದು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಮುಂದೆ ಅಂಗಡಿ, ಹಿಂದೆ ಮನೆ. ಒಳ್ಳೆಯವನು, ದೈವಭಕ್ತ. ಆಳು ಮಾತ್ರ ಭಾರಿ. ಅವನು ನಡೆದರೆ ಗೂಟಕ್ಕೆ ತೂಗುಹಾಕಿದ ಸೌಟುಗಳು ಸದ್ದು ಮಾಡುತ್ತಿದ್ದವು. ಅಂಗಡಿಯಿಂದ ಮನೆಗೆ, ಮನೆಯಿಂದ ಅಂಗಡಿಗೆ ದಿನವಿಡೀ ಓಡಾಟ. ಎದುರಿಗೆ ಬಂದದ್ದು ಅವನಿಗೆ ಕಾಣುತ್ತಿತ್ತು. ಕೆಳಗಿದ್ದದ್ದು ಕಾಣುತ್ತಿರಲಿಲ್ಲ.

ಅವನ ತಾಯಿಗೆ ವಯಸ್ಸಾಗಿತ್ತು. ಮೊಣಕಾಲು ಸೋತು, ನಡುಮನೆಯ ಕುರ್ಚಿಯಲ್ಲೇ ಅವಳ ಹಗಲು ಕಳೆಯುತ್ತಿತ್ತು. ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಅದೇ ಮನೆಯಲ್ಲಿದ್ದರು. ಎಲ್ಲರಿಗೂ ಕೆಲಸವಿತ್ತು. ಒಂದು ದಿನ ಅವಳು ಮಗನನ್ನು ಕರೆದಳು.

"ಲೋ ಮಗಾ, ನನಗೊಂದು ಸಣ್ಣ ನಾಯಿಮರಿ ತಂದುಕೊಡೋ."

"ಈ ವಯಸ್ಸಿನಲ್ಲಿ ನಾಯಿ ಯಾಕವ್ವ? ಒಂದು ಜಪಮಾಲೆ ತಂದುಕೊಡ್ತೀನಿ."

"ಜಪಮಾಲೆ ಇದೆ ಕಣೋ. ಅದು ಬೆರಳಿಗಾಯ್ತು. ಮಡಿಲಿಗೆ ಏನು ಕೊಡ್ತೀಯ? ಇಲ್ಲಿ ಕೂತು ಬೆಳೆದವರೆಲ್ಲ ಈಗ ವ್ಯಾಪಾರಕ್ಕೆ ಹೋಗ್ತಾರೆ."

ಮಗ ಮಾರನೆಯ ದಿನವೇ ನಾಯಿ ಹುಡುಕಿಕೊಂಡು ಹೊರಟ.

ಪಕ್ಕದ ಪೇಟೆಯ ಬಟ್ಟೆ ವ್ಯಾಪಾರಿಯ ಹೆಂಡತಿ ಇಂಥದೇ ಬೊಂಬೆ ಜಾತಿಯ ನಾಯಿ ಸಾಕಿದ್ದಳು. ಅದು ಮರಿ ಹಾಕಿತ್ತು. ಆಕೆ ಮರಿಗಳನ್ನು ಮಾರುತ್ತಿರಲಿಲ್ಲ, ಬೇಕೆಂದವರಿಗೆ ಕೊಡುತ್ತಿದ್ದಳು. ಕೊನೆಯದೊಂದು ಹೆಣ್ಣುಮರಿ ಉಳಿದಿತ್ತು. ಅದರ ಕಾಲು ವ್ಯಾಪಾರಿಯ ಕಿರುಬೆರಳಿಗಿಂತ ಸಣ್ಣದು. ತಂಬಿಗೆ ಕೊಳ್ಳುವವರು ಬೆರಳಿನಿಂದ ತಟ್ಟಿ ನಾದ ಕೇಳುತ್ತಾರಲ್ಲ, ಅದೇ ಅಭ್ಯಾಸದಿಂದ ಅವನು ಮರಿಯ ಬೆನ್ನನ್ನೂ ತಟ್ಟಿದ. ಅದು ಕುಂಯ್ ಎಂದು ಆಕೆಯ ಸೆರಗಿನೊಳಗೆ ನುಗ್ಗಿತು.

"ತಾಯೀ, ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ ಇದೆ," ಎಂದ ವ್ಯಾಪಾರಿ. "ಪಾತ್ರೆ ಒಯ್ದವರು ಮನೆಯಲ್ಲಿ ನೀರು ತುಂಬಿ ನೋಡಬಹುದು. ಸೋರಿದರೆ ತಂದುಕೊಡಬಹುದು. ಮರಿಯನ್ನೂ ಹಾಗೇ ಒಯ್ದು ನೋಡ್ತೀನಿ. ಹೊಂದದಿದ್ದರೆ ತಂದು ಒಪ್ಪಿಸ್ತೀನಿ."

"ತಂಬಿಗೆ ವಾಪಸ್ಸು ಬಂದರೆ ತನ್ನ ಪಾಡಿಗೆ ಅಂಗಡಿಯಲ್ಲಿ ಕೂರುತ್ತೆ ಶೆಟ್ಟರೇ. ಇದು ವಾಪಸ್ಸು ಬಂದರೆ ಬಾಗಿಲು ನೋಡ್ತಾ ಕೂರುತ್ತೆ," ಎಂದಳು ಆಕೆ. "ಹೆಣ್ಣು ಕೊಡೋರು ಮೊದಲು ಮನೆ ನೋಡಿ ಹೋಗ್ತಾರಲ್ಲ, ನಾನೂ ಬಂದು ನೋಡ್ತೀನಿ."

ವ್ಯಾಪಾರಿ ಒಪ್ಪಿದ. ಆಕೆ ಬರುವ ಹೊತ್ತಿಗೆ ಮನೆಯನ್ನು ಮದುವೆಮನೆಯಂತೆ ಮಾಡಿದ. ಮರಿಗೆಂದು ಮಖಮಲ್ಲಿನ ದಿಂಬು ಬಂತು, ಬೆಳ್ಳಿ ಬಟ್ಟಲು ಬಂತು, ಒಂದು ಪುಟ್ಟ ತೊಟ್ಟಿಲೂ ಬಂತು. ಆಕೆ ಮರಿಯನ್ನು ಸೆರಗಿನಲ್ಲಿ ಹೊದಿಸಿಕೊಂಡು ಒಳಗೆ ಬಂದಳು.

"ಬನ್ನಿ ಬೀಗಿತ್ತೀ," ಎಂದು ತಾಯಿ ಕುರ್ಚಿಯಿಂದಲೇ ಕರೆದಳು. "ಹುಡುಗೀನೂ ಕರೆತಂದಿರಾ? ನಮ್ಮ ಕಾಲದಲ್ಲಿ ಮನೆ ನೋಡೋಕೆ ಹುಡುಗೀನ ಕರೆತರ್ತಿರಲಿಲ್ಲಪ್ಪ."

"ಕಾಲ ಬದಲಾಯ್ತು ದೊಡ್ಡಮ್ಮ. ಈಗ ಹುಡುಗಿಯೇ ಒಪ್ಪಬೇಕು."

ಇಬ್ಬರೂ ನಕ್ಕರು. ಆಕೆ ಮರಿಯನ್ನು ಮುದುಕಿಯ ಮಡಿಲಲ್ಲಿ ಇಟ್ಟಳು. ಅದು ಮಡಿಲನ್ನು ಮೂಸಿತು, ಒಂದು ಸುತ್ತು ತಿರುಗಿತು, ಮುದುರಿ ಮಲಗಿತು. ಮುದುಕಿ ಅದರ ಮೇಲೆ ಅಂಗೈ ಇಟ್ಟು ಉಸಿರು ಬಿಗಿಹಿಡಿದು ಕೂತಳು. ಸ್ವಲ್ಪ ಹೊತ್ತಾದ ಮೇಲೆ ಬಟ್ಟೆ ವ್ಯಾಪಾರಿಯ ಹೆಂಡತಿ ಮರಿಯನ್ನು ಎತ್ತಿ ನೆಲದ ಮೇಲೆ ಬಿಟ್ಟಳು. ಅದು ತಡವರಿಸುತ್ತ ಬಾಗಿಲಿನ ಕಡೆ ಹೊರಟಿತು. ಅಷ್ಟರಲ್ಲಿ, "ಅತಿಥಿಗಳಿಗೆ ಕಾಫಿ ಆಯಿತೇನೇ?" ಎಂದು ಕೂಗುತ್ತ ವ್ಯಾಪಾರಿ ಅಂಗಡಿಯಿಂದ ಧಾವಿಸಿ ಬಂದ. ಆಕೆ ಬಾಗಿ ಮರಿಯನ್ನು ಕಸಿದುಕೊಂಡಳು. ಅದು ನಿಂತಿದ್ದ ಜಾಗದಲ್ಲಿ ವ್ಯಾಪಾರಿಯ ಹೆಜ್ಜೆ ಬಿತ್ತು.

ಆಕೆಯ ಕೈಯಲ್ಲಿ ಮರಿ ನಡುಗುತ್ತಿತ್ತು.

"ಸರಿಬರೋದಿಲ್ಲ ಶೆಟ್ಟರೇ," ಎಂದಳು ಆಕೆ.

"ಬೆಳ್ಳಿ ಬಟ್ಟಲು ತರಿಸಿದೆ, ತೊಟ್ಟಿಲು ತರಿಸಿದೆ. ಏನು ಕಡಿಮೆಯಾಯಿತು ತಾಯೀ?"

"ಏನೂ ಕಡಿಮೆಯಿಲ್ಲ. ನಿಮ್ಮ ಕಾಲು ಸ್ವಲ್ಪ ಹೆಚ್ಚಾಯಿತು."

"ಹಾಗಂತ ಕಡಿದುಕೊಳ್ಳಲೇ?"

"ತಪ್ಪು ತಿಳೀಬೇಡಿ. ದೊಡ್ಡಮ್ಮನ ಮಡಿಲಿಗಿಂತ ಒಳ್ಳೆ ಮಡಿಲು ನನಗೆಲ್ಲಿ ಸಿಗುತ್ತೆ? ಆದರೆ ಮರಿ ದಿನವೆಲ್ಲ ಮಡಿಲಲ್ಲೇ ಇರೋದಿಲ್ಲ. ಮಡಿಲು ಅವರದು, ನೆಲ ನಿಮ್ಮದು." ಆಕೆ ಮುಂದೆ ಏನೋ ಹೇಳಹೊರಟು ತಡೆದುಕೊಂಡಳು.

ಮುದುಕಿಯೇ ಆ ಮಾತನ್ನು ಮುಗಿಸಿದಳು. "ಹೇಳು ತಾಯಿ, ಸಂಕೋಚ ಯಾಕೆ? ನನ್ನ ಮಡಿಲಾದರೂ ಎಷ್ಟು ದಿನ ಇರುತ್ತೆ? ಇದು ನನಗಿಂತ ಹೆಚ್ಚು ಕಾಲ ಬಾಳೋ ಜೀವ. ಆಮೇಲೆ ಇದಕ್ಕೆ ನೆಲವೇ ಗತಿ."

ಆಕೆಯ ಕಣ್ಣು ತೇವವಾಯಿತು. "ಮರಿ ಇನ್ನೂ ಸ್ವಲ್ಪ ದಿನ ತಾಯಿಯ ಜೊತೆ ಇರಲಿ. ಆಮೇಲೆ ಯಾರಿಗಾದರೂ ಕೊಡಲೇಬೇಕು, ಬೇರೆಯವರೂ ಕೇಳಿದ್ದಾರೆ. ಕೊಡೋ ಮೊದಲು ಇನ್ನೊಂದು ಸಲ ಈ ಕಡೆ ಬರ್ತೀನಿ," ಎಂದು ಹೇಳಿ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಅಂದು ಮುದುಕಿ ಊಟಕ್ಕೆ ಏಳಲಿಲ್ಲ. ಮಡಿಲಿಗೆ ಅಂಟಿದ್ದ ಒಂದೆರಡು ಕೂದಲನ್ನು ಕೊಡವಲೂ ಇಲ್ಲ.

ಆದರೆ ಅವಳು ಸುಮ್ಮನೆ ಕೂರುವವಳಲ್ಲ. ಬೆಳಗಾಗುತ್ತಲೇ ಸೊಸೆಯನ್ನು ಕರೆದು, ಅಟ್ಟದ ಮೇಲಿದ್ದ ಹಿತ್ತಾಳೆಯ ಒಳಲೆಯನ್ನು ಇಳಿಸಲು ಹೇಳಿದಳು. ಮಗ ಹಸುಳೆಯಾಗಿದ್ದಾಗ ಅವನಿಗೆ ಅದರಲ್ಲೇ ಹಾಲು ಕುಡಿಸಿದ್ದಳು. ಅದನ್ನು ನೆಲದ ಮೇಲೆ ಇರಿಸಿ, "ಇದೇ ಮರಿ ಅಂದ್ಕೊಳ್ಳಿ," ಎಂದಳು. ಕುರ್ಚಿಯಲ್ಲಿ ಕೂತೇ ಊರುಗೋಲಿನಿಂದ ಅದನ್ನು ಒಮ್ಮೆ ಬಾಗಿಲ ಹತ್ತಿರ, ಒಮ್ಮೆ ಕಂಬದ ಹತ್ತಿರ, ಒಮ್ಮೆ ನಡುಮನೆಯ ನಟ್ಟನಡುವೆ ಸರಿಸುತ್ತಿದ್ದಳು.

ಮೊದಲು ಬಂದವನು ಮಗನೇ. ಠಣ್ ಎಂದು ಒಳಲೆ ಗೋಡೆಗೆ ಹೋಗಿ ಬಡಿಯಿತು.

"ಅಯ್ಯೋ ನನ್ನ ಬಂಗಾರಾ, ಹೋಯ್ತಲ್ಲೋ!" ಎಂದು ಮುದುಕಿ ಎದೆ ಬಡಿದುಕೊಂಡಳು. ಅಂಗಡಿಯಲ್ಲಿದ್ದ ಗಿರಾಕಿಗಳು ಗಾಬರಿಯಾಗಿ, ಮನೆಯಲ್ಲಿ ಯಾರು ಹೋದರು ಎಂದು ವಿಚಾರಿಸಿದರು.

ದಿನಕ್ಕೆ ಹಲವು ಸಲ ಹೀಗಾಯಿತು. ಒಳಲೆಯ ಮೈಯೆಲ್ಲ ನಗ್ಗಿತು. ಒಂದು ದಿನ ವ್ಯಾಪಾರಿ ರೇಗಿದ. "ಸಾಕು ಮಾಡವ್ವ ಈ ಆಟ. ಮನೆ ತುಂಬ ಜನ ನಗ್ತಾರೆ. ಅದು ಪಾತ್ರೆ ಕಣವ್ವ, ಜೀವ ಅಲ್ಲ."

"ನಿನ್ನನ್ನೂ ಹೀಗೇ ಇದೇ ನೆಲದ ಮೇಲೆ ಬಿಟ್ಟಿದ್ದೆ ಕಣೋ," ಎಂದಳು ತಾಯಿ. "ನಿಮ್ಮಪ್ಪಂದೂ ನಿನ್ನಂಥದೇ ಕಾಲು. ಆದರೆ ನೋಡಿ ಇಡ್ತಿದ್ದರು. ಅದಕ್ಕೇ ನೀನು ಇವತ್ತು ಅಂಗಡಿ ನಡೆಸ್ತಾ ಇದೀಯ."

ವ್ಯಾಪಾರಿ ಬಾಗಿ ಒಳಲೆಯನ್ನು ಎತ್ತಿಕೊಂಡ. ಅದರ ನಗ್ಗುಗಳ ಮೇಲೆ ಹೆಬ್ಬೆರಳಾಡಿಸಿದ. ಆಮೇಲೆ ಮೆಲ್ಲಗೆ ನೆಲದ ಮೇಲೆ ಇಟ್ಟು ಹೋದ.

ಅಂದಿನಿಂದ ಅವನು ಪಾದವನ್ನು ಎತ್ತಿ ಹಾಕುವುದು ಬಿಟ್ಟ. ನೆಲ ಸವರಿದಂತೆ ಮುಂದೆ ಸರಿಸಿ ನಡೆಯುವುದನ್ನು ಕಲಿತ. ಠಣ್ ಎನ್ನುವ ಸದ್ದು ಅಪರೂಪವಾಯಿತು. ಗೂಟದ ಸೌಟುಗಳು ಸುಮ್ಮನಾದವು.

ಕೆಳಗೆ ನೋಡಿ ನಡೆಯುವವನಿಗೆ ಕೆಳಗಿರುವುದೆಲ್ಲ ಕಾಣುತ್ತದೆ. ಒಂದು ಮಧ್ಯಾಹ್ನ ಅವನು ಒಳಲೆ ಎಲ್ಲಿದೆಯೆಂದು ನೋಡುತ್ತ ಬರುವಾಗ ತಾಯಿಯ ಪಾದ ಕಂಡಿತು. ಬಾತುಕೊಂಡಿತ್ತು. ಉಗುರು ಬೆಳೆದು ಬೆರಳಿಗೆ ಒತ್ತುತ್ತಿತ್ತು. ಅವನು ಅಲ್ಲೇ ನೆಲದ ಮೇಲೆ ಕೂತು ಆ ಪಾದವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡ.

"ಇಷ್ಟು ಬೆಳೆದಿದೆಯಲ್ಲವ್ವ, ಹೇಳಬಾರದಿತ್ತೇ?"

"ನನಗೆ ಬಗ್ಗೋಕೆ ಆಗಲ್ಲ ಕಣೋ. ನೀನೂ ಬಗ್ತಿರಲಿಲ್ಲ."

ಅವನು ಬಿಸಿನೀರು ತಂದು ಪಾದ ತೊಳೆದ. ಉಗುರು ತೆಗೆದ. ಎಣ್ಣೆ ಹಚ್ಚಿದ. ಅಂಗಡಿಯಲ್ಲಿ ಗಿರಾಕಿ ಕರೆಯುತ್ತಿದ್ದ. ಸ್ವಲ್ಪ ಹೊತ್ತು ಕರೆಯಲಿ ಎಂದು ಬಿಟ್ಟ.

ಕೆಲವು ದಿನಗಳಾದ ಮೇಲೆ ಬಟ್ಟೆ ವ್ಯಾಪಾರಿಯ ಹೆಂಡತಿ ಹೇಳದೆ ಕೇಳದೆ ಬಂದಳು. ಮರಿಯನ್ನು ಬೇರೆಯವರ ಮನೆಗೆ ಕೊಡಲು ಒಯ್ಯುತ್ತಿದ್ದಳು. ಈ ಮನೆ ದಾರಿಯಲ್ಲೇ ಇತ್ತು, ಕೊಟ್ಟ ಮಾತೂ ಇತ್ತು. ಹಿತ್ತಿಲ ಬಾಗಿಲಿನಿಂದ ಬಂದದ್ದರಿಂದ ಅಂಗಡಿಯಲ್ಲಿದ್ದ ವ್ಯಾಪಾರಿಗೆ ತಿಳಿಯಲಿಲ್ಲ. ಮುದುಕಿ ಮಾತಾಡುವ ಮೊದಲೇ ಆಕೆ ತುಟಿಯ ಮೇಲೆ ಬೆರಳಿಟ್ಟು, ಮರಿಯನ್ನು ನೆಲದ ಮೇಲೆ ಬಿಟ್ಟಳು.

ಅದೇ ಹೊತ್ತಿಗೆ ವ್ಯಾಪಾರಿ ಒಳಗೆ ಬಂದ. ಎರಡೂ ತೋಳಿನಲ್ಲಿ ಒಂದರೊಳಗೊಂದು ಕೂರಿಸಿದ ಪಾತ್ರೆಗಳ ರಾಶಿ. ಅದು ಗಲ್ಲದವರೆಗೂ ಇತ್ತು. ಅವನಿಗೆ ತನ್ನ ಕಾಲೇ ಕಾಣುತ್ತಿರಲಿಲ್ಲ. ಮರಿ ನೇರವಾಗಿ ಅವನ ಕಡೆ ನಡೆಯಿತು. ಮುದುಕಿ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಳು. "ಶಿವನೇ," ಎಂದಿತು ಮನಸ್ಸು.

ವ್ಯಾಪಾರಿಯ ಪಾದ ನೆಲ ಸವರುತ್ತ ಮುಂದೆ ಬಂತು. ಬೆರಳ ತುದಿಗೆ ಏನೋ ಮೆತ್ತಗೆ, ಬೆಚ್ಚಗೆ ತಗುಲಿತು. ಪಾದ ನಿಂತಿತು.

ಅದು ಒಳಲೆಯಲ್ಲವೆಂದು ಅವನಿಗೆ ತಿಳಿಯಿತು. ಅವನು ಹಿಂದೆಯೂ ಸರಿಯಲಿಲ್ಲ, ಮುಂದೆಯೂ ಹೋಗಲಿಲ್ಲ. ಮರಿ ಆ ದೊಡ್ಡ ಪಾದವನ್ನು ಮೂಸಿತು. ಒಂದು ಸುತ್ತು ತಿರುಗಿತು. ಅದರ ಮೇಲೆ ಗಲ್ಲವಿಟ್ಟು ಮಲಗಿತು.

"ಯಾರಾದರೂ ಬಂದು ಈ ಪಾತ್ರೆ ಇಳಿಸಿಕೊಳ್ಳಿ," ಎಂದ ವ್ಯಾಪಾರಿ, ಪಿಸುಮಾತಿನಲ್ಲಿ. "ಮೆಲ್ಲಗೆ ಬನ್ನಿ."

ಬಟ್ಟೆ ವ್ಯಾಪಾರಿಯ ಹೆಂಡತಿ ಮುದುಕಿಯ ಕಡೆ ತಿರುಗಿದಳು. "ಹುಡುಗಿ ಒಪ್ಪಿದಳು ಬೀಗಿತ್ತೀ," ಎಂದಳು. ಮುದುಕಿ ನಗುತ್ತ ಕಣ್ಣೊರೆಸಿಕೊಂಡಳು. ಆಕೆ ಹಿಂದಿರುಗುವಾಗ ಸೆರಗು ಖಾಲಿಯಾಗಿತ್ತು.

ಬೆಳ್ಳಿ ಬಟ್ಟಲು ಪೆಟ್ಟಿಗೆ ಸೇರಿತು. ಮರಿ ನಗ್ಗಿದ ಒಳಲೆಯಲ್ಲೇ ಹಾಲು ಕುಡಿಯಿತು. ಮಡಿಲಲ್ಲಿ ಮಲಗಿತು, ನೆಲದ ಮೇಲೆ ಓಡಾಡಿತು. ಮುದುಕಿ ಇನ್ನೂ ಕೆಲವು ವರ್ಷ ಸುಖವಾಗಿದ್ದು ಶಿವನ ಪಾದ ಸೇರಿದಳು. ಅಂದು ನಾಯಿ ಖಾಲಿ ಕುರ್ಚಿಯ ಮುಂದೆ ಬಹಳ ಹೊತ್ತು ನಿಂತಿತು. ಆಮೇಲೆ ಬಂದು ವ್ಯಾಪಾರಿಯ ಪಾದದ ಮೇಲೆ ಮಲಗಿತು.

ಗುರುಗಳು ಕತೆ ನಿಲ್ಲಿಸಿದರು. ನಾಗಲಿಂಗಪ್ಪ ಕಣ್ಣೊರೆಸಿಕೊಂಡು ಕೈಮುಗಿದ.

"ಕತೆ ಬಹಳ ಚೆನ್ನಾಗಿದೆ ಬುದ್ಧೀ. ಆದರೆ ನಮ್ಮ ಮನೆಯ ಮಾತು ಹೇಳಲಿಲ್ಲ. ನಾನು ಆ ನಾಯಿಯನ್ನು ತರಬಹುದೋ, ಬೇಡವೋ?"

ಗುರುಗಳು ಅವನನ್ನು ಅಕ್ಕರೆಯಿಂದ ನೋಡಿದರು.

"ಹೋಗುವಾಗ ಮೆಟ್ಟಿಲ ಹತ್ತಿರದ ಗುಬ್ಬಿ ಬಟ್ಟಲನ್ನು ಎತ್ತಿಟ್ಟು, ನೀರು ತುಂಬಿ ಹೋಗಪ್ಪ."

ನಾಗಲಿಂಗಪ್ಪ ತಿರುಗಿ ನೋಡಿದ. ಬಟ್ಟಲು ಬೋರಲಾಗಿ ಬಿದ್ದಿತ್ತು. ಅದರ ಪಕ್ಕದಲ್ಲಿ ಒಂದು ಗುಬ್ಬಿ ಕೂತು ಕಾಯುತ್ತಿತ್ತು. ಅವನು ಎದ್ದು, ನೆಲ ನೋಡಿಕೊಂಡು ಮೆಲ್ಲಗೆ ಮೆಟ್ಟಿಲ ಕಡೆ ಹೆಜ್ಜೆಯಿಟ್ಟ.

ಈ ಕತೆಗೆ ಕಿವಿಗೊಟ್ಟ ನಿಮ್ಮೆಲ್ಲರ ಮಡಿಲು ಬೆಚ್ಚಗಿರಲಿ. ನಿಮ್ಮ ಮನೆಯ ನೆಲದ ಮೇಲೆ ಸಣ್ಣ ಜೀವಗಳು ಅಂಜದೆ ಓಡಾಡಲಿ. ಎಲ್ಲರ ಹೆಜ್ಜೆಯನ್ನೂ ಶಿವನು ಕಾಯಲಿ.